ಫಿಶ್ ಟ್ಯಾಂಕ್ ಕ್ಯಾಬಿನೆಟ್ ಒಳಗೆ ವೈರ್ ಗೋಜಲು, ಬೋರ್ಡ್ ಎಲ್ಲಿ ಹಾಕಿದ್ರೆ ಸರಿ?

ತುಮಕೂರು ಟ್ಯಾಂಕ್:

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಮೂರಡಿ ಟ್ಯಾಂಕ್ ಇದೆ, 36 ಇಂಚು ಉದ್ದ, 18 ಅಗಲ, 18 ಎತ್ತರ, ಹತ್ತತ್ರ 190 ಲೀಟರ್ ನೀರು. ಕೆಳಗಡೆ ಪ್ಲೈವುಡ್ ಕ್ಯಾಬಿನೆಟ್, ಎರಡು ಬಾಗಿಲು. ಶುರುನಲ್ಲಿ ಒಂದು ಫಿಲ್ಟರ್ ಒಂದು ಲೈಟ್ ಅಷ್ಟೇ ಇದ್ದಿದ್ದು, ಮೂರು ವರ್ಷದಲ್ಲಿ ಒಂದೊಂದೇ ಸೇರ್ಕೊಂಡು ಈಗ ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕ್ ಹೊರಗೆ ಕ್ಯಾಬಿನೆಟಲ್ಲಿ ಕೂರೋ ಡಬ್ಬಿ ಫಿಲ್ಟರ್), 200 ವ್ಯಾಟ್ ಹೀಟರ್, ಎಲ್‌ಇಡಿ ಲೈಟು ಅದರ ದಪ್ಪ ಅಡಾಪ್ಟರು, ಏರ್ ಪಂಪ್, ಗಿಡಗಳಿಗೆ ಸಿಒ2 ಗ್ಯಾಸ್ ಬಿಡೋ ಸೊಲೆನಾಯ್ಡ್ ವಾಲ್ವ್, ನೀರು ಶುದ್ಧ ಮಾಡೋ ಯುವಿ ಲ್ಯಾಂಪ್, ಎರಡು ಟೈಮರ್ ಆಗಿದೆ. ಎಲ್ಲಾ ಒಂದೇ ಸ್ಪೈಕ್ ಬೋರ್ಡಿಗೆ, ಜಾಗ ಸಾಲದೆ ಅದಕ್ಕೊಂದು ಮಲ್ಟಿ ಪ್ಲಗ್ ಬೇರೆ ಚುಚ್ಚಿದೀವಿ. ಬೋರ್ಡು ಕ್ಯಾಬಿನೆಟ್ ತಳದಲ್ಲಿ ಮಲಗಿದೆ, ಅದರ ಮೇಲೆ ವೈರ್ ರಾಶಿ, ರಾಶಿ ಮೇಲೆ ಏರ್ ಪಂಪ್.

ಹೋದ ಭಾನುವಾರ ಸಂಜೆ ಕರೆಂಟ್ ಹೋಯ್ತು. ಆಗ ಮೀನಿನ ಫುಡ್ ಡಬ್ಬಿ ತಗೊಳೋಣ ಅಂತ ಬಾಗಿಲು ತೆಗೆದ್ರೆ ಏರ್ ಪಂಪ್ ಬಾಯಿಂದ ನೀರು ತೊಟತೊಟ ಅಂತ ಬೀಳ್ತಿದೆ, ಸ್ಪೈಕ್ ಬೋರ್ಡ್ ಪಕ್ಕದಲ್ಲಿ ಅಂಗೈಯಗಲ ನೀರು ನಿಂತಿದೆ, ಇನ್ನೊಂದು ನಾಲ್ಕು ಬೆರಳು ಹರಿದಿದ್ರೆ ಸಾಕೆಟ್ ಒಳಗೇ ಹೋಗ್ತಿತ್ತು. ಕರೆಂಟ್ ಇರ್ಲಿಲ್ಲ ಅನ್ನೋದೇ ಪುಣ್ಯ. ನನ್ನ ಮಗಳಿಗೆ ಎಂಟು ವರ್ಷ, ದಿನಾ ಬೆಳಗ್ಗೆ ಸ್ಕೂಲಿಗೆ ಹೋಗೋ ಮುಂಚೆ ಅವಳೇ ಆ ಬಾಗಿಲು ತೆಗೆದು ಲೈಟ್ ಹಾಕಿ ಫುಡ್ ಹಾಕೋದು. ಅವತ್ತಿಂದ ನಂಗೆ ನಿದ್ದೆ ಸರಿಯಾಗಿ ಬರ್ತಿಲ್ಲ.

ಬೋರ್ಡ್ ಎಲ್ಲಿ ಹಾಕ್ಬೇಕು, ಇಷ್ಟು ವೈರ್ ಹೇಗೆ ಕಟ್ಬೇಕು, ಇದೆಲ್ಲಾ ಒಂದೇ 6 ಆಂಪ್ ಪಾಯಿಂಟ್ ತಡ್ಕೊಳುತ್ತಾ? ಗೊತ್ತಿರೋರು ದಯವಿಟ್ಟು ಹೇಳಿ, ದುಡ್ಡು ಸ್ವಲ್ಪ ಖರ್ಚಾದ್ರೂ ಪರವಾಗಿಲ್ಲ.

ವೈರ್‌ಮನ್ ಹಾವೇರಿ:

ಅಕ್ಕಾರ, ವೈರ್ ಚಂದ ಮಾಡೂದು ಆಮ್ಯಾಲೆ, ಮೊದಲ ಆ ಬೋರ್ಡ್ ತಳದಿಂದ ಎತ್ರಿ. ಇವತ್ತ ಎತ್ರಿ. ಮೇನ್ ಆಫ್ ಮಾಡಿ, ಕೈ ಒರಸ್ಕೊಂಡು, ಕಾಲಾಗ ಚಪ್ಪಲಿ ಹಾಕ್ಕೊಂಡು ಎತ್ರಿ. ನೀರು ಎಲ್ಲಿಂದ ಸೋರಿದ್ರೂ ಕಡೀಗೆ ಬಂದು ನಿಲ್ಲೂದು ತಳದಾಗ, ಅಲ್ಲೇ ಬೋರ್ಡ್ ಇಟ್ರ ಹೆಂಗ್ರಿ.

ಲೋಡ್ ಲೆಕ್ಕ ಹಾಕೂಣು. ಹೀಟರ್ 200, ಲೈಟ್ 60 ಹಿಡೀರಿ, ಕ್ಯಾನಿಸ್ಟರ್ 20, ಯುವಿ 9, ಏರ್ ಪಂಪ್ 4, ಸೊಲೆನಾಯ್ಡ್ 5. ಎಲ್ಲಾ ಕೂಡಿ 300 ವ್ಯಾಟ್ ಒಳಗ. 230 ವೋಲ್ಟಿಗೆ ಭಾಗಿಸಿದ್ರ 1.3 ಆಂಪ್. 6 ಆಂಪ್ ಪಾಯಿಂಟಿಗೆ ಇದು ಏನೂ ಅಲ್ಲ. ಹಂಗಂತ ಮಲ್ಟಿ ಪ್ಲಗ್ ಮ್ಯಾಲೆ ಮಲ್ಟಿ ಪ್ಲಗ್ ಬ್ಯಾಡ, ಯಾಕಂದ್ರ ಅದರಾಗ ಪಿನ್ ಬಿಗಿ ಕೂಡಂಗಿಲ್ಲ. ಸಡ್ಲ ಪಿನ್ ಅಂದ್ರ ಸಣ್ಣ ಸಣ್ಣ ಕಿಡಿ, ಕಿಡಿ ಅಂದ್ರ ಬಿಸಿ, ಲೋಡ್ ಕಡಿಮಿ ಇದ್ರೂ ಪ್ಲಾಸ್ಟಿಕ್ ಕರ್ರಗಾಗತೈತಿ. ನಿಮ್ಮ ಮಲ್ಟಿ ಪ್ಲಗ್ ತಗದು ಪಿನ್ನಿನ ಬುಡ ನೋಡ್ರಿ, ಕಂದು ಬಣ್ಣ ಆಗಿದ್ರ ಎತ್ತಿ ಒಗೀರಿ. ಹೊರಗಿನ ದೇಶದ ಎರಡು ಚಪ್ಪಟಿ ಪಿನ್ನಿನ ಸಾಮಾನಿಗೂ ಇದ ಮಾತು, ಅಡಾಪ್ಟರ್ ಹಚ್ಚಿ ಜೋತು ಬಿಡಬ್ಯಾಡ್ರಿ, ಗೊತ್ತಿದ್ದವರ ಕಡೆಯಿಂದ ನಮ್ಮ ಪಿನ್ ಟಾಪ್ ಹಾಕಿಸ್ರಿ.

ಈಗ ಮುಖ್ಯ ಮಾತು. ನಿಮ್ಮ ಮನ್ಯಾಗ ಎಂಸಿಬಿ ಇರಬೇಕು, ಎಲ್ಲಾರ ಮನ್ಯಾಗೂ ಇರತೈತಿ, ಮತ್ತ ಎಲ್ಲಾರೂ ಅದು ಶಾಕ್ ತಡೀತೈತಿ ಅಂತ ತಿಳ್ಕೊಂಡಾರ. ಇಲ್ರಿ. ಎಂಸಿಬಿ ಇರೂದು ವೈರ್ ಸುಡದಂಗ ಕಾಯಾಕ. 6 ಆಂಪ್ ಎಂಸಿಬಿ ಅಂದ್ರ 6000 ಮಿಲಿ ಆಂಪ್, ಅದನ್ನ ದಾಟೂತನಕ ಅದಕ್ಕ ಏನೂ ಗೊತ್ತಾಗಂಗಿಲ್ಲ. ನಿಮ್ಮ ಕೈಯಿಂದ ಹೊಕ್ಕು ಕಾಲಿನಿಂದ ಹೊಂಟ್ರ 100 ಮಿಲಿ ಆಂಪ್ ಸಾಕು ಜೀವ ಹೋಗಾಕ. ನಿಮಗ ಬೇಕಾಗಿದ್ದು ಆರ್‌ಸಿಸಿಬಿ, 30 ಮಿಲಿ ಆಂಪಿಂದು. ಅದು ಫೇಸಿನಾಗ ಹೋದ ಕರೆಂಟು ನ್ಯೂಟ್ರಲ್‌ನಾಗ ಪೂರಾ ವಾಪಸ್ ಬಂತೇನು ಅಂತ ನೋಡ್ಕೋತ ಇರತೈತಿ, ನಡುವ 30 ಮಿಲಿ ಆಂಪ್ ಎಲ್ಲೋ ಸೋರಿ ಹೋತು ಅಂದ್ರ ಕಣ್ಣ ಮುಚ್ಚಿ ತೆರಿಯೂದ್ರಾಗ ಬೀಳತೈತಿ. 100, 300 ಮಿಲಿ ಆಂಪಿನವೂ ಅಂಗಡ್ಯಾಗ ಸಿಗತಾವ, ಅವನ್ನ ತರಬ್ಯಾಡ್ರಿ, ಅವು ಬೆಂಕಿ ತಡ್ಯಾಕ, ಮನಷ್ಯಾರನ್ನ ಉಳಸಾಕಲ್ಲ.

ಒಂದು ಕೇಳ್ತೀನಿ. ನೀರಾಗ ಕೈ ಹಾಕಿದಾಗ ಎಂದಾರ ಜುಂ ಅಂದೈತೇನ್ರಿ?

ಹಸಿರು ಟ್ಯಾಂಕ್ ಮೈಸೂರು:

ಏರ್ ಪಂಪ್ ಬಾಯಲ್ಲಿ ನೀರು ಬಂದಿದ್ದು ಯಾಕೆ ಅಂತ ನಾನು ಹೇಳ್ತೀನಿ ಮೇಡಂ, ಇದು ನಮ್ಮ ಕಡೆ ಕರೆಂಟ್ ಹೋಗೋ ಮನೆಗಳಲ್ಲೆಲ್ಲಾ ಆಗೋದೇ. ಪಂಪ್ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗಿದೆ, ಪಂಪ್ ನಿಂತ ತಕ್ಷಣ ಟ್ಯೂಬಲ್ಲಿ ಗಾಳಿ ಒತ್ತಡ ಹೋಗುತ್ತೆ, ನೀರು ಸೈಫನ್ ಆಗಿ ಅದೇ ಟ್ಯೂಬಲ್ಲಿ ವಾಪಸ್ ಇಳಿಯುತ್ತೆ. ಕರೆಂಟ್ ಬರೋ ತನಕ ಇಳೀತಾನೇ ಇರುತ್ತೆ. ಇದಕ್ಕೆ ಚೆಕ್ ವಾಲ್ವ್ ಅಂತ ಬರುತ್ತೆ, ಬೆರಳಿನಷ್ಟುದ್ದ, ಮೀನಿನ ಅಂಗಡೀಲಿ ಕೆಲವೇ ರೂಪಾಯಿಗೆ ಸಿಗುತ್ತೆ, ಟ್ಯೂಬ್ ಮಧ್ಯೆ ಕತ್ತರಿಸಿ ಸೇರಿಸೋದು, ಬಾಣದ ಗುರುತು ಟ್ಯಾಂಕ್ ಕಡೆ ಇರ್ಬೇಕು. ಹಾಕೋ ಮುಂಚೆ ಬಾಯಲ್ಲಿ ಊದಿ ನೋಡಿ, ಒಂದ್ ಕಡೆಯಿಂದ ಮಾತ್ರ ಗಾಳಿ ಹೋಗ್ಬೇಕು. ಒಳಗಿರೋ ರಬ್ಬರ್ ವರ್ಷಕ್ಕೊಂದ್ಸಲ ಗಟ್ಟಿ ಆಗಿರುತ್ತೆ, ಬದಲಾಯಿಸಿಬಿಡಿ. ಸಿಒ2 ಲೈನಿಗೂ ಒಂದು ಇರ್ಲಿ, ಇಲ್ದಿದ್ರೆ ನೀರು ಸೊಲೆನಾಯ್ಡ್‌ಗೇ ಇಳಿಯುತ್ತೆ.

ಇನ್ನು ಬೋರ್ಡ್. ಕ್ಯಾಬಿನೆಟ್ ಒಳಗಿನ ಪಕ್ಕದ ಗೋಡೆಗೆ, ಮೇಲಿಂದ ಒಂದು ಗೇಣು ಬಿಟ್ಟು ಸ್ಕ್ರೂ ಹಾಕಿ ಕೂರಿಸಿ. ಕ್ಯಾನಿಸ್ಟರ್ ಎಡಗಡೆ ಇದ್ರೆ ಬೋರ್ಡ್ ಬಲಗಡೆ. ಸಾಕೆಟ್ ಬಾಯಿ ಮೇಲಕ್ಕೆ ನೋಡೋ ಹಾಗೆ ಯಾವತ್ತೂ ಬೇಡ. ನೀರಿನ ಪೈಪು, ಏರ್ ಟ್ಯೂಬು ಎಲ್ಲಾ ಒಂದ್ ಕಡೆ, ಕರೆಂಟೆಲ್ಲಾ ಇನ್ನೊಂದ್ ಕಡೆ, ಇಷ್ಟು ಮಾಡಿದ್ರೇ ಅರ್ಧ ಗೋಜಲು ಬಿಡಿಸ್ಕೊಳುತ್ತೆ.

ಆಮೇಲೆ ಡ್ರಿಪ್ ಲೂಪ್, ಇದು ತಪ್ಪದೇ ಮಾಡಿ. ಮಳೆ ನಿಂತ ಮೇಲೆ ಬಟ್ಟೆ ಒಣಗಿಸೋ ತಂತಿ ನೋಡಿ, ಹನಿಗಳೆಲ್ಲಾ ತಂತಿ ಜೋತಿರೋ ಮಧ್ಯಕ್ಕೆ ಜಾರ್ಕೊಂಡು ಬಂದು ಅಲ್ಲೇ ಕೆಳಗೆ ಬೀಳುತ್ವೆ, ಕಂಬದ ತನಕ ಹೋಗೋದೇ ಇಲ್ಲ. ವೈರೂ ಹಾಗೇ. ಟ್ಯಾಂಕಿಂದ ಇಳಿದು ಬಂದ ವೈರು ನೇರ ಸಾಕೆಟ್ಟಿಗೆ ಹೋದ್ರೆ ಅದರ ಮೇಲೆ ಜಾರೋ ಹನಿ ಸಾಕೆಟ್ ಒಳಗೇ ಹೋಗುತ್ತೆ. ಅದೇ ವೈರ್ ಸಾಕೆಟ್ಟಿಗಿಂತ ಅರ್ಧ ಅಡಿ ಕೆಳಗೆ ಇಳಿದು ಮತ್ತೆ ಮೇಲೆ ಹತ್ತಿ ಸಾಕೆಟ್ ಸೇರಿದ್ರೆ ಹನಿ ಆ ಬಾಗಿನಲ್ಲೇ ಬಿದ್ದುಹೋಗುತ್ತೆ. ಪ್ರತಿ ವೈರಿಗೂ ಬೇಕು ಇದು, ಹೀಟರಿಗೆ ಮಾತ್ರ ಅಲ್ಲ. ಬಹಳ ಜನ ನೀಟಾಗಿ ಕಾಣ್ಲಿ ಅಂತ ವೈರ್ ಎಳೆದು ಬಿಗಿಯಾಗಿ ಕಟ್ಟಿ ಈ ಬಾಗನ್ನೇ ತೆಗೆದುಬಿಡ್ತಾರೆ, ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಹನಿ ಇಳಿಯೋಕೆ ದಾರಿ ಅದೇ ಆಗುತ್ತೆ.

ಕಟ್ಟೋಕೆ ಪ್ಲಾಸ್ಟಿಕ್ ಕೇಬಲ್ ಟೈ ಬೇಡ, ವೆಲ್ಕ್ರೋ ಪಟ್ಟಿ ತಗೊಳ್ಳಿ. ಹೀಟರ್ ಒಂದನ್ನೇ ಹೊರಗೆ ತೆಗೀಬೇಕಾದಾಗ ಟೈ ಕತ್ತರಿಸೋಕೆ ಹೋಗಿ ಪಕ್ಕದ ವೈರ್ ಸಿಪ್ಪೆ ಕೊಯ್ದಿದ್ದು ನಾನೇ ಮಾಡಿದೀನಿ. ಉಳಿದ ಉದ್ದದ ವೈರ್‌ನ ಎಂಟರ ಆಕಾರದಲ್ಲಿ ಸಡಿಲವಾಗಿ ಮಡಚಿ, ಬಿಗಿಯಾಗಿ ಸುತ್ತಬೇಡಿ. ಹಿಂದಿನ ಹಲಗೇಲಿ ತೂತು ಸಣ್ಣದಿದ್ರೆ ದೊಡ್ಡದು ಮಾಡ್ಸಿ, ಮೂರು ಪಿನ್ ಪ್ಲಗ್ ತೂರ್ಬೇಕು ಅದ್ರಲ್ಲಿ. ಕಂಪ್ಯೂಟರ್ ಟೇಬಲ್ ಮೇಲೆ ವೈರ್ ಬಿಡೋಕೆ ಪ್ಲಾಸ್ಟಿಕ್ ಮುಚ್ಚಳ ಹಾಕ್ತಾರಲ್ಲ, 60 ಎಂಎಂ ಹೋಲ್ ಸಾ ಹಾಕಿ ಅದನ್ನ ಕೂರಿಸಿದ್ರೆ ಪ್ಲೈ ಅಂಚು ವೈರಿಗೆ ಉಜ್ಜಲ್ಲ. ತೂತಿನ ಕೊರೆದ ಅಂಚಿಗೆ ಒಂದ್ ಕೋಟ್ ವಾರ್ನಿಷ್ ಬಳಿಯಿರಿ, ಪ್ಲೈ ನೀರು ಕುಡಿಯೋಕೆ ಶುರು ಮಾಡೋದೇ ಅಲ್ಲಿಂದ.

ಲೇಬಲ್ ಹಾಕಿ, ಎರಡು ತುದೀಲೂ ಹಾಕಿ. ಹೀಟರಿಗೆ ಮಾತ್ರ ಪ್ರತ್ಯೇಕ ಸ್ವಿಚ್ ಇರೋ ಸಾಕೆಟ್, ಯಾಕಂದ್ರೆ ನೀರು ಬದಲಾಯಿಸುವಾಗ ಮೊದಲು ಆಫ್ ಮಾಡ್ಬೇಕಾಗಿರೋದು ಅದು. ಬಿಸಿ ಇರೋ ಗಾಜು ನೀರಿಂದ ಹೊರಗೆ ಬಂದು, ಮೇಲೆ ತಣ್ಣೀರು ಬಿದ್ರೆ ಸೀಳುತ್ತೆ.

ತುಮಕೂರು ಟ್ಯಾಂಕ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬೋರ್ಡ್ ಈಗ್ಲೇ ಎತ್ತಿ ಸದ್ಯಕ್ಕೆ ಪಕ್ಕದ ಸ್ಟೂಲ್ ಮೇಲಿಟ್ಟೆ. ಮಲ್ಟಿ ಪ್ಲಗ್ ತೆಗೆದು ನೋಡಿದ್ರೆ ಒಂದು ತೂತಿನ ಸುತ್ತ ನಿಜವಾಗ್ಲೂ ಕಂದು ಬಣ್ಣ ಬಂದಿದೆ, ಮೂಸಿದ್ರೆ ಸುಟ್ಟ ವಾಸನೆ.

ಹಾವೇರಿ ಅಣ್ಣ, ನೀವು ಕೇಳಿದ್ದು ಓದಿ ಎದೆ ಧಸಕ್ಕಂತು. ಹತ್ತು ದಿನದ ಹಿಂದೆ ಬೀನ್ಸ್ ಹೆಚ್ಚುವಾಗ ತೋರುಬೆರಳಿಗೆ ಕುಯ್ಕೊಂಡಿದ್ದೆ, ಅವತ್ತು ಸಂಜೆ ಗಿಡ ನೆಡೋಕೆ ಟ್ಯಾಂಕಿಗೆ ಕೈ ಹಾಕಿದಾಗ ಆ ಗಾಯದ ಹತ್ರ ಚುರ್ ಚುರ್ ಅಂತ ಆಗಿತ್ತು. ನೀರಲ್ಲಿ ಗೊಬ್ಬರ ಹಾಕಿದ್ನಲ್ಲ ಅದಕ್ಕೆ ಉರೀತಿದೆ ಅನ್ಕೊಂಡೆ. ಕೈ ತೆಗೆದ್ರೆ ನಿಲ್ತಿತ್ತು, ಹಾಕಿದ್ರೆ ಮತ್ತೆ. ಮನೇಲಿರೋ ಟೆಸ್ಟರ್ ನೀರಿಗೆ ಇಟ್ಟು ನೋಡ್ಲಾ?

ವೈರ್‌ಮನ್ ಹಾವೇರಿ:

ಬ್ಯಾಡ. ಟೆಸ್ಟರ್ ಇಡಬ್ಯಾಡ್ರಿ, ನೀರಾಗ ಕೈ ಹಾಕಬ್ಯಾಡ್ರಿ, ಮಗಳನ್ನೂ ಆ ಕಡೆ ಬಿಡಬ್ಯಾಡ್ರಿ. ನಿಯಾನ್ ಟೆಸ್ಟರ್ ಇಲ್ಲಿ ಭರವಸಿ ಅಲ್ಲ, ಏನೂ ಸೋರದೇ ಇದ್ರೂ ಪಂಪಿನ ಕಾಯಿಲ್ ಮಗ್ಗಲದಾಗ ಇದ್ದದ್ದಕ್ಕ ಮಿಣಿಮಿಣಿ ಹತ್ತತೈತಿ. ಹಂಗಾಗಿ ಹತ್ತಿದ್ರ ಏನು, ಹತ್ತದಿದ್ರ ಏನು ಅಂತ ಅದರ ಮ್ಯಾಲೆ ಹೇಳಾಕ ಬರಂಗಿಲ್ಲ. ಗಾಯ ಇದ್ದಲ್ಲಿ ಚರ್ಮದ ತಡಿ ಇರಂಗಿಲ್ಲ, ಅದಕ್ಕ ನಿಮಗ ಗೊತ್ತಾತು. ಗಾಯ ಇರದಿದ್ರ ಇನ್ನೂ ಗೊತ್ತಾಗ್ತಿರಲಿಲ್ಲ.

ಮೇನ್ ಆಫ್ ಮಾಡಿ ನೀರಾಗ ಮುಳುಗಿರೂ ಎಲ್ಲಾದರ ಪ್ಲಗ್ ಕೀಳ್ರಿ. ಸ್ವಿಚ್ ಆಫ್ ಮಾಡಿದ್ರ ಸಾಲದು, ಫೇಸ್ ನ್ಯೂಟ್ರಲ್ ಅದಲು ಬದಲು ಆಗಿದ್ರ ಸ್ವಿಚ್ ಆಫ್ ಇದ್ರೂ ಒಳಗ ಕರೆಂಟ್ ಇರತೈತಿ, ಪ್ಲಗ್ಗ ಹೊರಗ ಬರಬೇಕು. ಹೀಟರ್ ಅರ್ಧ ತಾಸು ತಣ್ಣಗಾಗಲಿ. ಆಮ್ಯಾಲೆ ಒಂದೊಂದ ಹೊರಗ ತಗದು ಒರಸಿ, ಹೀಟರಿನ ಗಾಜು ಬೆಳಕಿಗೆ ಹಿಡದು ತಿರಿವ್ಯಾಡ್ಸಿ ನೋಡ್ರಿ, ಒಳಗ ಮಂಜಿನಂಗ ಹನಿ ಕಂಡ್ರ ಮುಗೀತು ಅದರ ಕತಿ. ವೈರ್ ಒಳಗ ಹೊಕ್ಕೂ ಟೊಪ್ಪಗಿ ಹಂತ್ಯಾಕ ಉಗುರಿಲೆ ಒತ್ತಿ ನೋಡ್ರಿ. ಟೇಪ್ ಸುತ್ತಿ ಮತ್ತ ನೀರಾಗ ಬಿಡೂ ವಿಚಾರ ಮಾಡಬ್ಯಾಡ್ರಿ. ಪೂರ್ತಿ ಖಾತ್ರಿ ಬೇಕಂದ್ರ ನಿಮ್ಮೂರಿನ ಎಲೆಕ್ಟ್ರಿಷಿಯನ್ ಕಡೆ ಮೆಗ್ಗರ್ (ಕರೆಂಟ್ ಸೋರತೈತೇನು ಅಂತ ಅಳಿಯೂ ಮೀಟರ್) ಇದ್ರ ಹಿಡದು ನೋಡಲಿ.

ಕುಡ್ಲ ರೀಫ್:

ನಮ್ಮದು ಮಂಗ್ಳೂರು, ಉಪ್ಪುನೀರಿನ ಟ್ಯಾಂಕ್, ಹೀಟರ್ ಇಲ್ಲಿ ಬೇಡವೇ ಬೇಡ, ಫ್ಯಾನ್ ಮತ್ತು ಚಿಲ್ಲರ್ ಉಂಟು. ಹಾವೇರಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದೊಂದು ಸೇರಿಸ್ತೇನೆ. ಉಪ್ಪುನೀರು ಒಣಗಿದ್ರೆ ಉಪ್ಪು ಅಲ್ಲೇ ಕೂತ್ಕೊಳ್ತದೆ, ಅದು ಮಳೆಗಾಲದಲ್ಲಿ ಗಾಳಿಯ ತೇವ ಎಳೆದು ಪುನಃ ಒದ್ದೆ ಆಗ್ತದೆ, ಹಾಗೆ ಹಾಗೆ ವೈರಿನ ಮೇಲೆಯೇ ಹತ್ತಿಕೊಂಡು ಹೋಗ್ತದೆ ಮಾರಾಯ್ರೆ. ಒಮ್ಮೆ ರಿಟರ್ನ್ ಪಂಪಿನ ಪ್ಲಗ್ ತೆಗೆದಾಗ ಹಿತ್ತಾಳೆ ಪಿನ್ ಮೇಲೆ ಹಸಿರು ಪಾಚಿ ತರ ಕಿಲುಬು, ಸಾಕೆಟ್ ಬಾಯಿಯಲ್ಲಿ ಬಿಳಿ ಉಪ್ಪಿನ ಹುಡಿ. ಡ್ರಿಪ್ ಲೂಪ್ ಇತ್ತು, ಆದ್ರೂ ಹತ್ತಿತ್ತು. ಈಗ ನಾನು ತಿಂಗಳಿಗೊಮ್ಮೆ ಪ್ಲಗ್ ಎಲ್ಲ ಕಿತ್ತು ವೈರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಪುನಃ ಒರೆಸಿ ಹಾಕ್ತೇನೆ. ಬೋರ್ಡನ್ನು ಕ್ಯಾಬಿನೆಟಿನಿಂದಲೇ ಹೊರಗೆ ತಂದು ಪಕ್ಕದ ಗೋಡೆಗೆ ಹಾಕಿದ್ದೇನೆ, ಸಂಪ್ (ಕೆಳಗೆ ಇಡುವ ಫಿಲ್ಟರ್ ತೊಟ್ಟಿ) ಇರುವ ಕ್ಯಾಬಿನೆಟ್ ಒಳಗೆ ಯಾವಾಗಲೂ ಆವಿ ಇರ್ತದೆ.

ನೀರಿಗೆ ಟೈಟಾನಿಯಂ ಅರ್ಥ್ ಕಡ್ಡಿ ಬಿಟ್ಟಿದ್ದೇನೆ, ಅದ್ರ ಬಗ್ಗೆ ನಿಮ್ಮ ಅಭಿಪ್ರಾಯ ಎಂತ?

ವೈರ್‌ಮನ್ ಹಾವೇರಿ:

ಆರ್‌ಸಿಸಿಬಿ ಇದ್ರ ಚಲೋ, ಇರದಿದ್ರ ಬ್ಯಾಡ. ಗಾಜಿನ ಟ್ಯಾಂಕ್ ನೆಲಕ್ಕ ಹತ್ತಿರಂಗಿಲ್ಲ ನೋಡ್ರಿ, ಹೀಟರ್ ಒಡದು ನೀರಿಗೆ ಕರೆಂಟ್ ಬಂದ್ರೂ ಹೋಗಾಕ ದಾರಿ ಇರಂಗಿಲ್ಲ, ಆರ್‌ಸಿಸಿಬಿ ಸುಮ್ನ ಕುಂತಿರತೈತಿ. ಯಾರಾರ ಕೈ ಹಾಕಿದಾಗ ಆ ಕೈಯ ದಾರಿ ಆಗತೈತಿ, ಆವಾಗ ಬೀಳತೈತಿ. ಕಡ್ಡಿ ಇದ್ರ ಒಡದ ಕ್ಷಣಕ್ಕ ಸೋರಿಕಿ ಕಡ್ಡಿಯಿಂದ ಅರ್ಥಿಗೆ ಹೋಗಿ, ಯಾರೂ ಮುಟ್ಟೂಕಿಂತ ಮೊದಲ ಬೀಳತೈತಿ. ಆದ್ರ ಆರ್‌ಸಿಸಿಬಿ ಇರದ ಕಡ್ಡಿ ಅಷ್ಟ ಹಾಕಿದ್ರ ಕರೆಂಟು ನೀರಾಗ ಹಗಲು ರಾತ್ರಿ ಹರೀತೈತಿ, ಎಂಸಿಬಿಗೆ ಗೊತ್ತೂ ಆಗಂಗಿಲ್ಲ. ಮತ್ತ ಅರ್ಥ್ ಖರೇ ಇರಬೇಕು. ಬ್ಯಾಸಗ್ಯಾಗ ಅರ್ಥಿಂಗ್ ಗುಂಡಿ ಒಣಗಿರತಾವ, ನಾಕು ಕೊಡ ನೀರು ಹಾಕ್ರಿ.

ಬಳ್ಳಾರಿ ಬೆಟ್ಟಾ:

ನಾನು ಅಡುಗೆಮನೆಯ ದೊಡ್ಡ ಪ್ಲಾಸ್ಟಿಕ್ ಡಬ್ಬಿಗೆ ತೂತು ಮಾಡಿ ಸ್ಪೈಕ್ ಬೋರ್ಡು, ಅಡಾಪ್ಟರು ಎಲ್ಲ ಒಳಗಿಟ್ಟು ಮುಚ್ಚಳ ಹಾಕಿ ಸಿಲಿಕೋನ್ ಹೊಡೆದಿದೀನಿ. ಒಂದು ಹನಿ ನೀರೂ ಹೋಗಲ್ಲ. ಇದು ಸುಲಭ ಅಲ್ವಾ?

ಹಸಿರು ಟ್ಯಾಂಕ್ ಮೈಸೂರು:

ನೀರು ಹೋಗಲ್ಲ ಸರಿ ಸರ್, ಬಿಸಿ ಹೊರಗೆ ಬರೋದು ಹೇಗೆ? ಲೈಟಿನ ಅಡಾಪ್ಟರ್ ಎಂಟು ಗಂಟೆ ಉರಿದ ಮೇಲೆ ಕೈ ಇಟ್ಟು ನೋಡಿ, ಚೆನ್ನಾಗೇ ಕಾದಿರುತ್ತೆ, ಬಳ್ಳಾರಿ ಬೇಸಿಗೇಲಿ ಮುಚ್ಚಿದ ಡಬ್ಬಿ ಒಳಗೆ ಅಂದ್ರೆ ಇನ್ನೂ ಜಾಸ್ತಿ. ಪ್ಲಗ್ ಮಾತ್ರ ಡಬ್ಬೀಲಿ ಇರ್ಲಿ, ವೈರ್ ತೂತು ಡಬ್ಬಿ ತಳದಲ್ಲಿರ್ಲಿ. ಅಡಾಪ್ಟರ್‌ಗಳನ್ನ ಹೊರಗೆ ತಂದು ಪಕ್ಕದ ಗೋಡೆಗೆ ಒಂದಕ್ಕೊಂದು ತಾಗದ ಹಾಗೆ ವೆಲ್ಕ್ರೋ ಹಾಕಿ ಅಂಟಿಸಿ. ಸಿಲಿಕೋನ್ ಹೊಡೆದ್ರೆ ನಾಳೆ ಒಂದು ಪ್ಲಗ್ ಕೀಳೋಕೂ ಬ್ಲೇಡ್ ಬೇಕಾಗುತ್ತೆ.

ತುಮಕೂರು ಮೇಡಂ, ಹೇಳೋದು ಮರೆತೆ, ಮನೇಲಿ ಇನ್ವರ್ಟರ್ ಇದ್ರೆ ಕ್ಯಾನಿಸ್ಟರ್ ಮತ್ತು ಏರ್ ಪಂಪ್ ಮಾತ್ರ ಆ ಲೈನಿಗೆ ಕೊಡಿ. ಎರಡೂ ಸೇರಿ 24 ವ್ಯಾಟ್, ರಾತ್ರಿಯಿಡೀ ನಡೆಯುತ್ತೆ, ಫಿಲ್ಟರ್ ಒಳಗಿರೋ ಬ್ಯಾಕ್ಟೀರಿಯಾ ಉಳಿಯುತ್ತೆ. ಹೀಟರ್ ಕೊಟ್ರೆ ಬ್ಯಾಟರಿ ಅದೊಂದೇ ತಿಂದುಹಾಕುತ್ತೆ, 190 ಲೀಟರ್ ನೀರು ಎರಡು ಮೂರು ಗಂಟೇಲಿ ತಣ್ಣಗಾಗಲ್ಲ. ಕ್ಯಾನಿಸ್ಟರ್ ಕೆಳಗೆ ಒಂದು ಟ್ರೇ ಇಡಿ, ಅದರ ಓ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ವ್ಯಾಸಲೀನ್ ಬೇಡ.

ತುಮಕೂರು ಟ್ಯಾಂಕ್:

ಎಲ್ಲಾ ಮುಗಿಸಿ ಬರೀತಿದೀನಿ, ಹದಿನೈದು ದಿನ ಹಿಡೀತು.

ಹೀಟರೇ ಅದು. ಕರಿ ಟೊಪ್ಪಿಗೆ ಕೆಳಗೆ ಗಾಜಿನಲ್ಲಿ ಕೂದಲೆಳೆಯಷ್ಟು ಸೀಳು, ನೀರಲ್ಲಿದ್ದಾಗ ಕಾಣೋದೇ ಇಲ್ಲ, ಕಿಟಕಿ ಹತ್ರ ತಗೊಂಡೋಗಿ ತಿರುಗಿಸಿದಾಗ ಗೆರೆ ಮಿಂಚ್ತು, ಒಳಗಡೆ ತಳದಲ್ಲಿ ಮೂರು ನಾಲ್ಕು ಹನಿ ಓಡಾಡ್ತಿತ್ತು. ಅದನ್ನ ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ವೈರ್ ಕತ್ತರಿಸಿ ಎಸೆದೆ, ಇನ್ಯಾರೂ ಎತ್ಕೊಂಡು ಬಳಸಬಾರ್ದು ಅಂತ.

ಬೋರ್ಡ್ ಬಲಗಡೆ ಮೇಲೆ ಕೂತಿದೆ, ಕೆಳಗೆ ಎಲ್ಲಾ ವೈರಿಗೂ ಬಾಗು ಬಿಟ್ಟಿದೀನಿ, ಗೋಡೆಯಿಂದ ಬೋರ್ಡ್ ತನಕ ಕೇಸಿಂಗ್ ಪಟ್ಟಿ. ಲೇಬಲ್ ಮಗಳು ಬರೆದಳು, ಬಣ್ಣದ ಟೇಪ್ ಮೇಲೆ ಲೈಟು, ಗಾಳಿ, ಬಿಸಿ ಅಂತ ಕನ್ನಡದಲ್ಲಿ. ಈಗ ಬಾಗಿಲು ತೆಗೆಯೋ ಕೆಲಸ ಅವಳಿಗಿಲ್ಲ, ಲೈಟ್ ಟೈಮರಲ್ಲೇ ಹತ್ತುತ್ತೆ. ಚೆಕ್ ವಾಲ್ವ್ ಎರಡೂ ಹಾಕಿ ಬೇಕಂತಲೇ ಒಂದು ಗಂಟೆ ಪಂಪ್ ಆಫ್ ಮಾಡಿ ನೋಡಿದೆ, ಟ್ಯೂಬಲ್ಲಿ ನೀರು ವಾಲ್ವ್ ತನಕ ಬಂದು ಅಲ್ಲೇ ನಿಂತಿದೆ.

ಒಂದೇ ಒಂದು ತೊಂದರೆ. ಎಲೆಕ್ಟ್ರಿಷಿಯನ್ ಬಂದು 30 ಮಿಲಿ ಆಂಪಿನ ಆರ್‌ಸಿಸಿಬಿ ಸಣ್ಣ ಬಾಕ್ಸಲ್ಲಿ ಹಾಕಿ ಕೊಟ್ರು, ಟೆಸ್ಟ್ ಬಟನ್ ಒತ್ತಿದ್ರೆ ಟಕ್ ಅಂತ ಬೀಳುತ್ತೆ. ಫಿಲ್ಟರು, ಏರ್ ಪಂಪು ಇನ್ವರ್ಟರ್ ಲೈನ್, ಹೀಟರ್ ಮಾಮೂಲಿ ಲೈನ್, ಎರಡೂ ಒಂದೇ ಬೋರ್ಡಲ್ಲಿ. ಹೊಸ ಹೀಟರ್ ಸ್ವಿಚ್ ಹಾಕಿದ ತಕ್ಷಣ ಆರ್‌ಸಿಸಿಬಿ ಬೀಳ್ತಿದೆ. ಅಂಗಡಿಗೆ ವಾಪಸ್ ಕೊಟ್ಟು ಇನ್ನೊಂದು ಹೀಟರ್ ತಂದ್ರೂ ಹಾಗೇ. ಎರಡೆರಡು ಹೊಸ ಹೀಟರ್ ಸೋರುತ್ತಾ ಅಣ್ಣ?

ವೈರ್‌ಮನ್ ಹಾವೇರಿ:

ಹೀಟರ್ ಚಲೋ ಅದಾವ ಅಕ್ಕಾರ, ನ್ಯೂಟ್ರಲ್ ಕೂಡೈತಿ. ಹೀಟರಿನ ಫೇಸ್ ಮಾಮೂಲಿ ಲೈನಿನಿಂದ ನೇರ ಬಂದೈತಿ, ಇನ್ವರ್ಟರ್ ಲೈನಿಗೆ ಹಾಕಿದ ಆರ್‌ಸಿಸಿಬಿ ಹೊಕ್ಕಿಲ್ಲ. ಆದ್ರ ಬೋರ್ಡಿನಾಗ ನ್ಯೂಟ್ರಲ್ ಎಲ್ಲಾದಕ್ಕೂ ಒಂದ ಕಟ್ಟ್ಯಾರ, ಹಂಗಾಗಿ ಅದು ವಾಪಸ್ ಹೋಗೂದು ಆರ್‌ಸಿಸಿಬಿ ಒಳಗಿನಿಂದ. 200 ವ್ಯಾಟ್ ಅಂದ್ರ 870 ಮಿಲಿ ಆಂಪ್, ಫೇಸಿನಾಗ ಹೋಗದ್ದು ನ್ಯೂಟ್ರಲ್‌ನಾಗ ಬಂದ್ರ ಅದಕ್ಕ ಲೆಕ್ಕ ತಪ್ಪತೈತಿ, ಬೀಳತೈತಿ. ಅದು ತನ್ನ ಕೆಲಸ ಸರಿ ಮಾಡಾಕತ್ತೈತಿ. ಅಂದ್ರ ಈಗ ನಿಮ್ಮ ಹೀಟರಿನ ಫೇಸಿಗೆ ಕಾವಲು ಇಲ್ಲ ಅಂತನೂ ಆತು, ಅದಕ್ಕ ಆರ್‌ಸಿಸಿಬಿ ಎತ್ತಿ ಬಿಟ್ಟು ನಡಸ್ತೀನಿ ಅನಬ್ಯಾಡ್ರಿ. ಹೀಟರ್ ಲೈನಿಗೆ ಇನ್ನೊಂದು 30 ಮಿಲಿ ಆಂಪಿನ ಆರ್‌ಸಿಸಿಬಿ ಹಾಕಸ್ರಿ, ಎರಡರ ನ್ಯೂಟ್ರಲ್ ಬ್ಯಾರೆ ಬ್ಯಾರೆ ಇರಬೇಕು, ಬೋರ್ಡಿನ ಒಳಗ ಎಲ್ಲೂ ಕೂಡಬಾರದು. ಎರಡು ಬ್ಯಾರೆ ಬೋರ್ಡ್ ಮಾಡಿಬಿಟ್ರ ಇನ್ನೂ ಚಲೋ.

ತುಮಕೂರು ಟ್ಯಾಂಕ್:

ಅವ್ರನ್ನ ಮತ್ತೆ ಕರೆಸಿದ್ದೆ ಅಣ್ಣ, ಬೋರ್ಡ್ ಬಿಚ್ಚಿ ತೋರಿಸಿದ್ರು, ನೀವು ಹೇಳಿದ ಹಾಗೇ ಕಪ್ಪು ವೈರ್ ಎರಡೂ ಒಂದೇ ಕಡೆ ಸೇರಿತ್ತು. ಹೀಟರಿಗೆ ಬೇರೆ ಬೋರ್ಡು, ಬೇರೆ ಆರ್‌ಸಿಸಿಬಿ ಆಯ್ತು. ಈಗ ರಾತ್ರಿ ಒಂಬತ್ತೂವರೆ, ಹೀಟರಿನ ಕೆಂಪು ದೀಪ ಹತ್ತಿ ಒಂದು ಗಂಟೆ ಆಯ್ತು, ಬಿದ್ದಿಲ್ಲ.